ಗ್ಯಾರೇಜಿನಲ್ಲಿ ನಾಲ್ವರು ರಾಮ್ಸೆಸರು

ಫ್ರೀಮಾಂಟ್

ಅಮೆರಿಕಕ್ಕೆ ಹೋಗಿಬಂದವನ ಮೊದಲ ಕರ್ತವ್ಯ ಗೋಲ್ಡನ್ ಗೇಟ್ ಸೇತುವೆಯನ್ನು ವರ್ಣಿಸುವುದು. ಆ ಕರ್ತವ್ಯದಿಂದ ನನಗೆ ವಿನಾಯಿತಿ ಬೇಕು. ನಾವು ಹೋದ ದಿನ ಮಂಜು ಕವಿದಿತ್ತು. ತೆಗೆಸಿಕೊಂಡ ಫೋಟೋದಲ್ಲಿ ನಾನಿದ್ದೇನೆ, ನನ್ನ ಮಫ್ಲರ್ ಇದೆ, ಸೇತುವೆ ಇಲ್ಲ. ಆದ್ದರಿಂದ ನಾನು ಕಣ್ಣಾರೆ ಕಂಡ ಬೇರೊಂದು ಮಹಾಕಾರ್ಯದ ವಿಷಯ ಬರೆಯುತ್ತೇನೆ. ಅದು ಈಜಿಪ್ಟ್ ದೇಶದ ಅಬು ಸಿಂಬೆಲ್ ದೇವಾಲಯ. ಅದನ್ನು ನಾನು ನೋಡಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನಲ್ಲಿ, ನನ್ನ ತಂಗಿ ವಿಮಲಳ ಮನೆಯ ಗ್ಯಾರೇಜಿನಲ್ಲಿ.

ನನ್ನ ಕಸುಬನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದ ಅನಾಹುತಕ್ಕೆ ಅದೂ ಒಂದು ಕಾರಣ. ಮೈಸೂರಿನಲ್ಲಿ ಶಾಸನಗಳ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇದ್ದೆ. ವಿದ್ವಾಂಸನಾಗಿ ಅಲ್ಲ, ಅಚ್ಚು ತೆಗೆಯುವವನಾಗಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ ತಟ್ಟಿ ಅಕ್ಷರದ ಹಳ್ಳಕ್ಕೆ ಕಾಗದವನ್ನು ಇಳಿಸಿ, ಮೇಲೆ ಮಸಿ ಒತ್ತಿದರೆ ಶಾಸನ ಕಾಗದಕ್ಕೆ ಬರುತ್ತದೆ. ಓದುವವರು ಆಮೇಲೆ ಫ್ಯಾನಿನ ಕೆಳಗೆ ಕೂತು ಓದುತ್ತಾರೆ. ಬಿಸಿಲು ನನಗೆ, ಕೀರ್ತಿ ಅವರಿಗೆ. ಕರ್ನಾಟಕದಲ್ಲಿ ನಾನು ತಟ್ಟದೆ ಬಿಟ್ಟ ಬಂಡೆ ಕಡಿಮೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ವಿಮಲಳ ಯಜಮಾನರು ಮೂರ್ತಿ, ಮೂಳೆ ಡಾಕ್ಟರು. ಮುರಿದದ್ದನ್ನು ಕಂಡರೆ ಅವರ ಮುಖದಲ್ಲಿ ಒಂದು ಪವಿತ್ರ ಕಳೆ ಬರುತ್ತದೆ. ಅವರಿಗೆ ಒಬ್ಬಳೇ ಮಗಳು ಅನಿತ, ಆರನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಬ್ಬರಿಗೂ ಅದರಿಂದ ತೊಂದರೆಯಾಗಲಿಲ್ಲ. ಸರ್ಕಾರಿ ಪತ್ರವ್ಯವಹಾರವೂ ಹೀಗೆಯೇ ನಡೆಯುತ್ತದೆ.

ಬಂದ ಮೂರನೇ ದಿನ ಅವಳ ಮೇಜಿನ ಮೇಲಿದ್ದ ಒಂದು ರಟ್ಟಿನ ನಕ್ಷೆಯನ್ನು ನೋಡಲು ಎತ್ತಿಕೊಂಡೆ. ಅಡುಗೆಮನೆಯಿಂದಲೇ ವಿಮಲ ಕೂಗಿದಳು.

"ಅಣ್ಣಾ, ಅದನ್ನ ಮುಟ್ಟಬೇಡ! ಅವಳ ಸ್ಕೂಲ್ ವರ್ಕು!"

"ನೋಡಿದರೆ ಸವೆಯುತ್ತದೇನೇ?"

"ಈ ಮನೇಲಿ ಸವೆಯುತ್ತೆ" ಎಂದಳು.

ಕಾರಣ ಆಮೇಲೆ ತಿಳಿಯಿತು. ಈ ಸೀಮೆಯ ಮಕ್ಕಳೆಲ್ಲ ನಾಲ್ಕನೇ ಕ್ಲಾಸಿನಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಹಳೆಯ ಚರ್ಚೊಂದರ ಮಾದರಿ ಮಾಡಬೇಕು. ನಮ್ಮಲ್ಲಿ ಉಪನಯನ ಇದ್ದ ಹಾಗೆ, ತಪ್ಪಿಸಿಕೊಳ್ಳುವಂತಿಲ್ಲ. ಎರಡು ವರ್ಷದ ಹಿಂದೆ ಅನಿತ ಅರ್ಧ ಮಾಡಿ ಮಲಗಿದ್ದ ಚರ್ಚನ್ನು ಮೂರ್ತಿಯವರು 'ಸ್ವಲ್ಪ ನೆಟ್ಟಗೆ' ಮಾಡಲು ಹೊರಟು, ಹೆಂಚು ಹೆಂಚಾಗಿ ಹೊದಿಸಿ, ಗಂಟೆಗೆ ನಾಲಿಗೆಯನ್ನೂ ಇಟ್ಟುಬಿಟ್ಟಿದ್ದರು. ಮೇಡಂ ಅದರ ಮೇಲೆ ಒಂದೇ ಸಾಲು ಬರೆದು ಕಳಿಸಿದರು: ನಿನ್ನ ತಂದೆಯವರಿಗೆ ನನ್ನ ಅಭಿನಂದನೆ ತಿಳಿಸು. ಇಡೀ ಕ್ಲಾಸು ನಕ್ಕಿತು. ಮಗು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಂದಿನಿಂದ ಅವಳ ಶಾಲೆಯ ಕೆಲಸವನ್ನು ದೊಡ್ಡವರು ಯಾರೂ ಮುಟ್ಟಕೂಡದೆಂದು ಆ ಮನೆಯ ಕಾನೂನು. ಮೂರ್ತಿಯವರು ಪೆನ್ಸಿಲು ಹೆರೆದುಕೊಡಲೂ ಹೆದರುತ್ತಿದ್ದರು.

ಸ್ಯಾನ್ ಹೋಸೆ

ಆ ಭಾನುವಾರ ನಮ್ಮನ್ನು ಸ್ಯಾನ್ ಹೋಸೆಯಲ್ಲಿರುವ ಈಜಿಪ್ಟಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅನಿತಳ ಕ್ಲಾಸಿಗೆ ಹೊಸ ಕೆಲಸ ಬಂದಿತ್ತು: ಪ್ರಾಚೀನ ದೊರೆಗಳು ತಮ್ಮ ಅಧಿಕಾರವನ್ನು ಹೇಗೆ ತೋರಿಸಿಕೊಂಡರು ಎಂಬುದಕ್ಕೆ ಒಂದು ಮಾದರಿ ಮಾಡಿ, ಮೇ ತಿಂಗಳಲ್ಲಿ ಪೋಷಕರೆಲ್ಲ ಬರುವ ಸಂಜೆ ಅದರ ಪಕ್ಕದಲ್ಲಿ ನಿಂತು ವಿವರಿಸಬೇಕು. ಕೈಕೆಲಸ ಮಗುವಿನದೇ ಆಗಿರಬೇಕು ಎಂದು ಚೀಟಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದರು. ಆ ಅಡಿಗೆರೆ ತಮಗಾಗಿಯೇ ಎಂದು ಮೂರ್ತಿಯವರು ನಂಬಿದ್ದರು.

ಅಲ್ಲಿ ಬಂಡೆಯಲ್ಲಿ ಕೊರೆದ ಗೋರಿಯ ಪ್ರತಿರೂಪವೊಂದಿದೆ. ಮೆಟ್ಟಿಲಿಳಿದು ಹೋಗಬೇಕು. ತಣ್ಣಗೆ, ಕತ್ತಲೆಯಾಗಿ, ಬಹಳ ಗಂಭೀರವಾಗಿದೆ. ಕಲ್ಲು ಕಂಡರೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಡುವುದು ನನ್ನ ಅಭ್ಯಾಸ. ಒಳಗೆ ಬಿರುಕಿದ್ದರೆ ದನಿ ಸತ್ತಿರುತ್ತದೆ. ಗೋಡೆಯನ್ನು ತಟ್ಟಿದೆ. ಹಲಗೆಯ ದನಿ ಬಂತು.

ಕಾವಲುಗಾರ್ತಿ ಓಡಿಬಂದರು. "ಸರ್, ದಯವಿಟ್ಟು ಗೋರಿಯನ್ನು ತಟ್ಟಬೇಡಿ."

"ಒಳಗಿಂದ ಯಾರೂ ಉತ್ತರ ಕೊಡಲಿಲ್ಲ" ಎಂದೆ. ಅವರು ನಕ್ಕರು. ಅಮೆರಿಕದವರಲ್ಲಿ ಇದೊಂದು ದೊಡ್ಡ ಗುಣ. ಗದರಿಸಲು ಬಂದವರನ್ನು ನಗಿಸಿದರೆ ಬಂದ ಕೆಲಸ ಮರೆಯುತ್ತಾರೆ.

ಗೋಡೆಯ ಮೇಲೊಂದು ದೊಡ್ಡ ಚಿತ್ರ. ಮರಳುಗಲ್ಲಿನ ಬೆಟ್ಟದ ಮುಖ, ಅದರಲ್ಲಿ ಸಾಲಾಗಿ ಕುಳಿತ ನಾಲ್ವರು ಮಹಾಪುರುಷರು, ನಡುವೆ ಬಾಗಿಲು. ಅನಿತ ಅದರ ಮುಂದೆ ನಿಂತವಳು ಕದಲಲಿಲ್ಲ.

"ಮಾವ, ಹೂ ಆರ್ ದೀಸ್ ಫೋರ್ ಗಾಡ್ಸ್?"

"ದೇವರಲ್ಲಮ್ಮ. ನಾಲ್ಕೂ ಒಬ್ಬನೇ. ರಾಮ್ಸೆಸ್ ಅನ್ನೋ ಅರಸ."

"ಆಲ್ ಫೋರ್ ಆರ್ ಹಿಮ್?"

"ಒಂದು ಸಲ ಕೆತ್ತಿಸಿದರೆ ಜನ ನಂಬೋದಿಲ್ಲ ಅಂತ ನಾಲ್ಕು ಸಲ."

ಒಬ್ಬೊಬ್ಬನೂ ಸುಮಾರು ಅರವತ್ತೈದು ಅಡಿ. ಒಳಗೆ ಗರ್ಭಗುಡಿಯಲ್ಲೂ ದೇವರುಗಳ ಸಾಲಿನಲ್ಲಿ ತಾನೂ ಒಬ್ಬನಾಗಿ ಕುಳಿತಿದ್ದಾನೆ. ಅಂದರೆ ಪೂಜೆ ಮಾಡುವವನೂ ಅವನೇ, ಮಾಡಿಸಿಕೊಳ್ಳುವವನೂ ಅವನೇ. ನಮ್ಮ ಕಡೆ ಈ ಏರ್ಪಾಡು ಕೆಲವು ಸಂಘಸಂಸ್ಥೆಗಳ ಸನ್ಮಾನಗಳಲ್ಲಿ ಉಳಿದುಕೊಂಡಿದೆ. ಅವನು ತನ್ನ ಹೆಸರನ್ನು ಕೆತ್ತಿಸಿದ ರೀತಿಯನ್ನು ನಾನು ವೃತ್ತಿಯ ಕಣ್ಣಿನಿಂದ ನೋಡಿದೆ. ಮುಂದೆ ಬರುವ ಅರಸರು ಅಳಿಸಬಾರದೆಂದು ಕೈ ಇಳಿಯುವಷ್ಟು ಆಳ. ಅಷ್ಟು ಆಳದ ಅಕ್ಷರಕ್ಕೆ ಕಾಗದ ಹೊಡೆದರೆ ಹರಿದೇ ಹೋಗುತ್ತದೆ. ದರ್ಪಕ್ಕೆ ಅಚ್ಚು ತೆಗೆಯುವುದು ಕಷ್ಟ.

ಅರಸನ ಕಾಲಿನ ಪಕ್ಕದಲ್ಲಿ ಮೊಳಕಾಲ ಎತ್ತರಕ್ಕೆ ಪುಟ್ಟ ಪುಟ್ಟ ಹೆಂಗಸರು ನಿಂತಿದ್ದರು. ಅವರು ಅವನ ತಾಯಿ, ಹೆಂಡತಿ, ಹೆಣ್ಣುಮಕ್ಕಳು ಎಂದು ಫಲಕ ಹೇಳಿತು. ಅನಿತ ಅದನ್ನು ಓದಿ, "ವಾಟ್ ಎ ಜರ್ಕ್" ಎಂದು ತೀರ್ಪಿತ್ತಳು. ಮೂರು ಸಾವಿರ ವರ್ಷ ಕಾದಿದ್ದ ತೀರ್ಪು. ಅಲ್ಲೇ ನಿರ್ಧಾರವೂ ಆಯಿತು, ಮಾಡುವುದು ಅಬು ಸಿಂಬೆಲನ್ನೇ ಎಂದು.

ಬರ್ಕ್ಲಿ

ಮಾಡುವುದೇನೋ ಸರಿ, ಯಾವುದರಿಂದ? ವಿಮಲ ರಟ್ಟು ಎಂದಳು. ಮೂರ್ತಿಯವರು ಆಸ್ಪತ್ರೆಯಲ್ಲಿ ಮುರಿದ ಕೈಗೆ ಕಟ್ಟುವ ಪ್ಲಾಸ್ಟರ್ ಎಂದರು. ನಾನು ಮುಟ್ಟಕೂಡದು ಎಂಬ ಕಾನೂನಿತ್ತೇ ಹೊರತು ಮಾತಾಡಕೂಡದು ಎಂಬ ಕಾನೂನಿರಲಿಲ್ಲ.

"ನೋಡಮ್ಮ," ಎಂದೆ. "ಇದು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗುಡಿ ಅಲ್ಲ. ಬೆಟ್ಟ ಮೊದಲೇ ಇತ್ತು. ಬೇಡದ್ದನ್ನು ತೆಗೆದರು, ಬೇಕಾದ್ದು ಉಳಿಯಿತು. ನೀನು ರಟ್ಟು ಅಂಟಿಸಿದರೆ ಅದು ಬೇರೆ ಯಾವುದೋ ಅರಸನ ಗುಡಿಯಾಗುತ್ತೆ."

ಅವಳು ರಟ್ಟನ್ನು ಬದಿಗೆ ತಳ್ಳಿ, "ಸೋ ಐ ನೀಡ್ ಎ ಮೌಂಟನ್" ಎಂದಳು. ಅಷ್ಟು ಬೇಗ ಅರ್ಥಮಾಡಿಕೊಂಡ ವಿದ್ಯಾರ್ಥಿ ಇಲಾಖೆಯಲ್ಲಿ ನನಗೆ ಸಿಕ್ಕಿರಲಿಲ್ಲ.

ಬೆಟ್ಟ ಕೊಳ್ಳಲು ಬಾರ್ಟ್ ಎಂಬ ರೈಲಿನಲ್ಲಿ ನಾವಿಬ್ಬರೇ ಬರ್ಕ್ಲಿಗೆ ಹೋದೆವು. ಅಲ್ಲಿ ಶಿಲ್ಪಿಗಳಿಗೆ ಕಲ್ಲು ಮಾರುವ ಒಂದು ಅಂಗಡಿ. ಒಳಗೆ ಹೋದವನು ಅಲ್ಲೇ ನಿಂತೆ: ಮೂಲೆಯಲ್ಲಿ ಬಳಪದ ಕಲ್ಲು! ಬೇಲೂರು ಹಳೇಬೀಡುಗಳನ್ನು ಕೆತ್ತಿದ ಜಾತಿಯ ಕಲ್ಲು, ಪೆಸಿಫಿಕ್ ಸಾಗರದ ದಡದಲ್ಲಿ ಬೆಲೆಯ ಚೀಟಿ ಹಚ್ಚಿಕೊಂಡು ಕೂತಿತ್ತು. ಪರದೇಶದಲ್ಲಿ ನಮ್ಮೂರವರು ಸಿಕ್ಕರೆ ತಬ್ಬಿಕೊಳ್ಳುವವರಿದ್ದಾರೆ. ನಾನು ತಟ್ಟಿದೆ. ಗಣ್ ಎಂದಿತು.

ಅಂಗಡಿಯ ಹುಡುಗಿ, ಕೂದಲಿಗೆ ನೇರಳೆ ಬಣ್ಣ ಹಾಕಿಕೊಂಡವಳು, "ಏನು ಮಾಡುತ್ತಿದ್ದೀರಿ?" ಎಂದು ಕೇಳಿದಳು. ಹೇಳಿದೆ. ಅವಳೂ ಒಂದು ತಟ್ಟಿದಳು, ಕಿವಿಗೊಟ್ಟಳು, "ಓ ವಾವ್" ಎಂದಳು. ಐದು ನಿಮಿಷದಲ್ಲಿ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕಲ್ಲು ತಟ್ಟುತ್ತಿದ್ದರು. ನಮ್ಮೂರಲ್ಲಾದರೆ ಮುದುಕನಿಗೆ ತಲೆ ಕೆಟ್ಟಿದೆ ಎಂದು ದೂರ ಸರಿಯುತ್ತಿದ್ದರು. ಇಲ್ಲಿ ಹುಚ್ಚಿಗೆ ಕೂಡಲೇ ಶಿಷ್ಯರು ಸಿಗುತ್ತಾರೆ.

ಕಲ್ಲನ್ನು ಆರಿಸಿದವಳು ಅನಿತಳೇ. ಒಂದೊಂದನ್ನೂ ತಟ್ಟಿ, ಕಣ್ಣು ಮುಚ್ಚಿ ಕೇಳಿ, ನಾನು ಮನಸ್ಸಿನಲ್ಲೇ ಬೇಡವೆಂದಿದ್ದ ಎರಡನ್ನು ಅವಳೂ ಬೇಡವೆಂದಳು. ನಾನು ಜೇಬಿನಿಂದ ಪರ್ಸು ತೆಗೆದೆ. 

ವಾಪಸು ರೈಲಿನಲ್ಲಿ ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಿದ್ದೆ. ಭಾರಿ ಆಳೊಬ್ಬ ಕೂರಲು ಬಂದು, ಚೀಲ ಎತ್ತಲು ಹೋಗಿ, ಎತ್ತಲಾಗದೆ ನನ್ನನ್ನು ನೋಡಿದ.

"ಏನಿದೆ ಇದರಲ್ಲಿ?"

"ಬೆಟ್ಟ" ಎಂದೆ.

ಅವನು ಚೀಲದಿಂದ ಕೈ ತೆಗೆದು, "ಹಾಗಾದರೆ ಅದೇ ಕೂತಿರಲಿ" ಎಂದು ಫ್ರೀಮಾಂಟಿನವರೆಗೂ ನಿಂತೇ ಬಂದ.

ಗ್ಯಾರೇಜು

ಮೂರ್ತಿಯವರ ಕಾರನ್ನು ಬೀದಿಗೆ ಹೊರಹಾಕಿದೆವು. ಗ್ಯಾರೇಜು ಗಣಿಯಾಯಿತು. ಕಲ್ಲಿನ ಪುಡಿ ಕಾರ್ಪೆಟ್ಟಿಗೆ ಬಂದರೆ ಅರಸನನ್ನೂ ಅವನ ಮಂತ್ರಿಯನ್ನೂ ಒಟ್ಟಿಗೆ ಗಡೀಪಾರು ಮಾಡುವುದಾಗಿ ವಿಮಲ ಸಾರಿದಳು. ಅನಿತ ಮೂಗಿಗೆ ಅಪ್ಪನ ಆಸ್ಪತ್ರೆಯ ಮಾಸ್ಕು ಕಟ್ಟಿಕೊಂಡು, ಅರ, ಮೊಳೆ, ಹಳೆಯ ಸ್ಕ್ರೂಡ್ರೈವರು ಹಿಡಿದು ಕೂತಳು. ನಾನು ಏನನ್ನೂ ಮುಟ್ಟುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟು, ಮಡಿಸುವ ಕುರ್ಚಿಯಲ್ಲಿ, ಪಂಚೆ ಉಟ್ಟು, ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತೆ.

"ಮೇಲಿನಿಂದ ಕೆಳಕ್ಕೆ ಬಾ" ಎಂದೆ. "ಬೆಟ್ಟ ಕೆತ್ತುವವರು ಕಿರೀಟದಿಂದ ಶುರು ಮಾಡಿ ಕಾಲಿಗೆ ಇಳಿಯುತ್ತಾರೆ. ಮೇಲಿನ ಪುಡಿ ಕೆಳಗೆ ಬಿದ್ದರೆ ಕೆಳಗಿನ್ನೂ ಕೆಲಸವೇ ಆಗಿರೋದಿಲ್ಲ, ಹಾಳಾಗೋದಕ್ಕೆ ಏನೂ ಇರೋದಿಲ್ಲ."

ದಿನಾ ಶಾಲೆ ಬಿಟ್ಟ ಮೇಲೆ ಎರಡು ಗಂಟೆ. ಮೂರು ವಾರದಲ್ಲಿ ಕಲ್ಲಿನೊಳಗಿಂದ ನಾಲ್ಕು ಕಿರೀಟ, ನಾಲ್ಕು ಗಡ್ಡ, ಎಂಟು ಮೊಳಕಾಲು ಹೊರಬಂದವು. ಬಾಗಿಲಿನ ಎಡಕ್ಕಿರುವ ಅರಸ, ಅಂದರೆ ಎಡದಿಂದ ಎರಡನೆಯವನು, ನಿಜವಾದ ಬೆಟ್ಟದಲ್ಲಿ ಸೊಂಟದಿಂದ ಮೇಲೆ ಇಲ್ಲ. ಭೂಕಂಪದಲ್ಲಿ ಮುರಿದು, ತಲೆ ಭುಜಗಳು ಅವನ ಕಾಲ ಬುಡದಲ್ಲೇ ಬಿದ್ದಿವೆ. ಅನಿತ ಅವನನ್ನೂ ಹಾಗೆಯೇ ಮಾಡಿದಳು. ಮುರುಕು ತಲೆಯನ್ನು ಪ್ರತ್ಯೇಕ ಕೆತ್ತಿ ಕೆಳಗೆ ಮಲಗಿಸಿದಳು. ಮೊಳಕಾಲ ಬಳಿಯ ಹೆಂಗಸರನ್ನು ಮಾತ್ರ ಚಿತ್ರದಲ್ಲಿರುವುದಕ್ಕಿಂತ ಒಂದು ನೂಲು ಎತ್ತರ ಮಾಡಿದಳು. ನಾನು ಗಮನಿಸಿದೆ, ಇಲಾಖೆಗೆ ವರದಿ ಮಾಡಲಿಲ್ಲ.

ನಮ್ಮಿಬ್ಬರ ನಡುವೆ ಒಂದೇ ಜಗಳವಾಯಿತು. ನಾನು ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿಯ ಅಕ್ಷರಗಳಿಗೆ ಕಾಗದ ಹೊಡೆದವನು. ಅವನೂ ಬೆಟ್ಟದಲ್ಲೇ ಕೆತ್ತಿದವನು, ಐವತ್ತೆಂಟು ಅಡಿ. ಆದರೆ ಅವನು ರಾಜ್ಯ ಗೆದ್ದು ಬಿಟ್ಟುಕೊಟ್ಟವನು. ಮಾಡಿಸಿದವನ ಮುಖ ಎಲ್ಲೂ ಇಲ್ಲ, ಹೆಸರು ಮಾತ್ರ ಪಾದದ ಬಳಿ, ಬಗ್ಗಿ ಓದಬೇಕು. ಅಧಿಕಾರವನ್ನು ತೋರಿಸುವುದು ಹೇಗೆಂದು ಇಡೀ ಕ್ಯಾಲಿಫೋರ್ನಿಯಾಕ್ಕೆ ತಿಳಿಸಿಕೊಡಲು ಇದಕ್ಕಿಂತ ಒಳ್ಳೆಯ ಅವಕಾಶ ಬರುವುದಿಲ್ಲ, ನಿನ್ನ ವಿವರಣೆಯಲ್ಲಿ ಗೊಮ್ಮಟನನ್ನೂ ಸೇರಿಸು ಎಂದು ಒಂದು ಗಂಟೆ ಭಾಷಣ ಮಾಡಿದೆ.

ಅವಳು ಅರ ಕೆಳಗಿಟ್ಟಳು. "ಮಾವ, ಇಟ್ಸ್ ಬ್ಯೂಟಿಫುಲ್. ಬಟ್ ಇಟ್ಸ್ ಮೈ ರಿಪೋರ್ಟ್."

ಕರ್ನಾಟಕಕ್ಕೆ ಆ ಗ್ಯಾರೇಜಿನಲ್ಲಿ ಪ್ರವೇಶ ಸಿಗಲಿಲ್ಲ. ಎರಡು ದಿನ ನಾನು ಮುನಿಸಿಕೊಂಡೆ. ಅದನ್ನು ಯಾರೂ ಗಮನಿಸದ್ದರಿಂದ ಮೂರನೇ ದಿನ ನಾನೇ ರಾಜಿಯಾದೆ.

ಮಂಗಳವಾರ

ಪೋಷಕರ ಸಂಜೆ ಗುರುವಾರ. ಮಂಗಳವಾರ ಬೆಳಿಗ್ಗೆ ಕೆಲಸ ಮುಗಿದಂತೆಯೇ ಆಗಿತ್ತು. ಅನಿತ ಶಾಲೆಗೆ ಹೋಗಿದ್ದಳು. ನಾನು ಕಾಫಿ ಹಿಡಿದು ಗ್ಯಾರೇಜಿಗೆ ಹೋದೆ, ಸುಮ್ಮನೆ ನೋಡಲು. ಬಲತುದಿಯ ಅರಸನ ಗಡ್ಡ ಒಂದು ಕೂದಲೆಳೆಯಷ್ಟು ಸೊಟ್ಟಗಿತ್ತು. ಒಂದೇ ಕೂದಲೆಳೆ. ಮೂವತ್ತಮೂರು ವರ್ಷ ಇನ್ನೊಬ್ಬರು ಕೆತ್ತಿದ್ದನ್ನು ಬರೀ ತಟ್ಟಿದ ಕೈ ಇದು, ಒಂದು ಸಲವೂ ಕೆತ್ತಿರಲಿಲ್ಲ. ಕಂಕುಳಿನಿಂದ ತಾನಾಗಿ ಹೊರಬಂತು. ಕುರ್ಚಿಯನ್ನು ಕಲ್ಲಿನ ಹತ್ತಿರಕ್ಕೆ ಎಳೆದು ಕೂತು ಅರ ತೆಗೆದುಕೊಂಡೆ. ಅರ್ಧ ನಿಮಿಷವೂ ಆಗಿರಲಿಲ್ಲ.

ಕಲ್ಲಿನಲ್ಲಿ ಒಂದು ಪದರವಿತ್ತು. ಟಕ್ ಎಂದಿತು. ಎರಡೂ ಈಜಿಪ್ಟುಗಳ ಒಡೆಯರು, ಸೂರ್ಯಪುತ್ರರು ಆದ ರಾಮ್ಸೆಸ್ ಮಹಾರಾಜರು ಸೊಂಟದಿಂದ ಮೇಲೆ ಕಳಚಿಕೊಂಡು ನನ್ನ ಪಂಚೆಯ ಮಡಿಲಿಗೆ ಬಿದ್ದರು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಕಾಫಿ ಆರಿತ್ತು. ಊಟಕ್ಕೆ ಮನೆಗೆ ಬಂದ ಮೂರ್ತಿಯವರು ಬಾಗಿಲಲ್ಲಿ ನಿಂತು ನೋಡಿದರು. ಮೊದಲು ಮುಖ ಬಿಳಿಚಿತು, ಆಮೇಲೆ ಆ ಪವಿತ್ರ ಕಳೆ ಬಂತು.

"ಭಾವ, ಕೊಡಿ ಇಲ್ಲಿ. ಕ್ಲೀನ್ ಫ್ರ್ಯಾಕ್ಚರು. ಒಳಗೆ ಎರಡು ಪಿನ್ನು, ಸ್ವಲ್ಪ ಅಂಟು, ಮೇಲೆ ಇದೇ ಪುಡಿ ತುಂಬಿದರೆ ದೇವರಿಗೂ ಗೊತ್ತಾಗಲ್ಲ. ಅವಳು ಬರೋದರೊಳಗೆ ಮುಗಿಸ್ತೀನಿ."

ಹಿಂದಿನಿಂದ ವಿಮಲ, "ಹೌದಣ್ಣ, ಮಾಡಿಸಿಬಿಡು. ಮಗು ಕುಸಿದುಹೋಗ್ತಾಳೆ" ಎಂದಳು.

ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಶಾಸನದಲ್ಲಿ ಅಕ್ಷರ ಒಡೆದಿದ್ದರೆ, ಅಲ್ಲಿ ಏನಿದ್ದಿರಬೇಕೆಂದು ನಿಮಗೆ ಎಷ್ಟೇ ಖಚಿತವಿದ್ದರೂ ಮಸಿಯಿಂದ ತುಂಬಕೂಡದು. ಒಡೆದದ್ದು ಒಡೆದಂತೆಯೇ ಅಚ್ಚಿಗೆ ಬರಬೇಕು. ಓದುವವರು ಆ ಜಾಗದಲ್ಲಿ ಚುಕ್ಕೆ ಇಡುತ್ತಾರೆ. ತುಂಬಿದವನು ಸಿಕ್ಕಿಬಿದ್ದರೆ, ಅವನು ಅದುವರೆಗೆ ತಂದ ಅಚ್ಚುಗಳೆಲ್ಲದರ ಮೇಲೂ ಅನುಮಾನ. ಇಲ್ಲಿಯೂ ಅಷ್ಟೆ. ಡಾಕ್ಟರು ಒಂದು ಪಿನ್ನು ಹಾಕಿದರೆ ಮಗು ಮೂರು ವಾರ ಕೆತ್ತಿದ್ದೆಲ್ಲ ಡಾಕ್ಟರದ್ದಾಗುತ್ತದೆ.

"ಬೇಡ ಮೂರ್ತಿ" ಎಂದೆ. "ನೀವು ಕೈ ತೊಳೆದುಕೊಂಡು ಊಟಕ್ಕೆ ಹೋಗಿ. ನಾನು ಅವಳಿಗೆ ಹೇಳುತ್ತೇನೆ."

ಮೂರೂವರೆಗೆ ಅನಿತ ಬಂದಳು. ನಾನು ಎದ್ದು ನಿಂತು, ಎರಡು ಕೈಯಲ್ಲೂ ಅರಸನ ಮೇಲರ್ಧವನ್ನು ಹಿಡಿದು, "ನಾನು ಮುಟ್ಟಿದೆ, ಮುರಿಯಿತು" ಎಂದೆ. 

 "ಯು ಪ್ರಾಮಿಸ್ಡ್, ಮಾವ." ಅಷ್ಟೇ ಹೇಳಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಆ ದೇಶದಲ್ಲಿ ಮಕ್ಕಳಿಗೂ ಬಾಗಿಲಿದೆ. ದೊಡ್ಡವರು ಅದರ ಹೊರಗೆ ನಿಂತು ಕಾಯಬೇಕು. ಅಷ್ಟು ಗೌರವದಿಂದ ನಾನು ಯಾವ ದೇವಸ್ಥಾನದ ಮುಂದೆಯೂ ನಿಂತಿಲ್ಲ.

ಒಂದು ಗಂಟೆಯ ಮೇಲೆ ಬಾಗಿಲು ತೆರೆಯಿತು. ಕಣ್ಣು ಕೆಂಪಗಿತ್ತು. ಕೈಯಲ್ಲಿ ಲೈಬ್ರರಿಯ ಪುಸ್ತಕ.

"ವೆನ್ ದಿ ಸೆಕೆಂಡ್ ಒನ್ ಬ್ರೋಕ್, ರಾಮ್ಸೆಸ್ ಬದುಕಿದ್ನಾ?"

ಅವಳು ನನ್ನೊಡನೆ ಆಡಿದ ಮೊದಲ ಕನ್ನಡ ಕ್ರಿಯಾಪದ ಅದು.

"ಬದುಕಿದ್ದಾಗಲೇ ಮುರಿಯಿತು ಅಂತ ಬಲ್ಲವರು ಹೇಳ್ತಾರಮ್ಮ."

"ದೆನ್ ವೈ ಡಿಡಂಟ್ ಹಿ ಫಿಕ್ಸ್ ಇಟ್? ಹಿ ಹ್ಯಾಡ್ ಎವ್ರಿಬಡಿ."

  ನನ್ನ ಉತ್ತರಕ್ಕೆ ಕಾಯದೆ ಅವಳು ನನ್ನ ಕೈಯಿಂದ ಅರಸನನ್ನು ತೆಗೆದುಕೊಂಡು ಗ್ಯಾರೇಜಿಗೆ ಹೋಗಿ, ಬಹಳ ಹೊತ್ತು ಒಬ್ಬಳೇ ಕೂತಿದ್ದಳು. ಒಳಗೆ ಬರಕೂಡದೆಂದು ಆಜ್ಞೆಯಾಯಿತು.

ಗುರುವಾರ, ಶಾಲೆ

ಶಾಲೆಯ ಊಟದ ಸಭಾಂಗಣದಲ್ಲಿ ಮೇಜುಗಳ ಸಾಲು. ಪಿರಮಿಡ್ಡುಗಳು ಹನ್ನೊಂದು, ರೋಮಿನ ಮಲ್ಲರಂಗ ನಾಲ್ಕು, ಚೀನಾದ ಗೋಡೆ ಎರಡು. ಕೆಲವು ಪಿರಮಿಡ್ಡುಗಳ ಕರಕುಶಲತೆಯನ್ನೂ ಪಕ್ಕದಲ್ಲಿ ನಿಂತ ತಂದೆಯರ ಬೆರಳಿಗೆ ಮೆತ್ತಿದ್ದ ಬಣ್ಣವನ್ನೂ ಹೋಲಿಸಿ ನೋಡಿದೆ. ಈ ದುರಭ್ಯಾಸ ನಮ್ಮವರದು ಮಾತ್ರವಲ್ಲ ಎಂದು ಮೂರ್ತಿಯವರಿಗೆ ಸಮಾಧಾನವಾಯಿತು. ಅವರು ಇಡೀ ಸಂಜೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಯೇ ಇಟ್ಟುಕೊಂಡಿದ್ದರು.

ಕಲ್ಲಿನದು ಒಂದೇ ಒಂದು. ಜನ ಅದರ ಸುತ್ತ ನೆರೆದಿದ್ದರು. ಆರನೇ ಕ್ಲಾಸಿನ ಮೇಡಂ, ಕನ್ನಡಕವನ್ನು ಸರಪಳಿಯಲ್ಲಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ ಎತ್ತರದ ಹೆಂಗಸು, ಬಗ್ಗಿ ನೋಡಿದರು. ನೆಟ್ಟಗಾದರು. ಅವರ ನೋಟ ಮೂರ್ತಿಯವರ ಜೇಬಿನ ಮೇಲೆ ಒಂದು ಕ್ಷಣ ನಿಂತಿತು. ಆ ಚರ್ಚಿನ ಕಥೆ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅನಿತ," ಮೇಡಂ ಮೆಲ್ಲಗೆ ಕೇಳಿದರು, "ಇದರಲ್ಲಿ ಯಾರಾದರೂ ನಿನಗೆ ಸಹಾಯ ಮಾಡಿದರಾ?"

 ವಿಮಲ ನನ್ನ ತೋಳು ಹಿಡಿದಳು.

"ನನ್ನ ಮಾವ ಮಾತಾಡಿದರು" ಎಂದಳು ಅನಿತ, ಇಂಗ್ಲಿಷಿನಲ್ಲಿ. "ಕೆತ್ತಿದ್ದು ನಾನು. ಮಿಕ್ಕಿದ್ದು ಅಲ್ಲಿ ಬರೆದಿದ್ದೇನೆ."

ಆಗ ನಾವು ಅದನ್ನು ಮೊದಲ ಸಲ ನೋಡಿದೆವು. ಸಂಗ್ರಹಾಲಯದಲ್ಲಿರುವಂತೆ ಪ್ರತಿ ಅರಸನ ಮುಂದೆ ಒಂದು ಬಿಳಿಯ ಚೀಟಿ. ಬಲತುದಿಯ ಅರಸನನ್ನು ಅಂಟಿಸಿರಲಿಲ್ಲ. ಅವನ ಮೇಲರ್ಧ ಅವನ ಕಾಲ ಬುಡದಲ್ಲಿ, ಎರಡನೆಯವನದರಂತೆಯೇ, ಬಿದ್ದ ಹಾಗೆ ಮಲಗಿತ್ತು.

"ಅದು ಮುರಿದದ್ದು ತಿಳಿದೂ ಏಕೆ ಅಂಟಿಸಲಿಲ್ಲ?" ಎಂದು ಯಾರೋ ತಂದೆ ಕೇಳಿದರು.

ಅನಿತ ಅವರ ಕಡೆ ತಿರುಗಿದಳು. ಅರಸನಿಗೆ ಸೈನ್ಯವಿತ್ತು, ಚಿನ್ನವಿತ್ತು, ಎಷ್ಟು ಬೇಕಾದರೂ ಜನವಿದ್ದರು, ಎಂದಳು. ಕಟ್ಟಿದ ಗುಡಿಯಾಗಿದ್ದರೆ ಹೊಸ ಕಲ್ಲು ತರಿಸಿ ಇಡಬಹುದಿತ್ತು. ಆದರೆ ಅವನು ಬೆಟ್ಟವನ್ನೇ ತನ್ನ ಮುಖ ಮಾಡಿಕೊಂಡ. ಒಂದು ಸಲ ಕೆತ್ತಿದ ಮೇಲೆ ಬೆಟ್ಟ ಮುಗಿಯಿತು. ಮುರಿದಾಗ ಅವನು ದಿನಾ ಅದನ್ನು ನೋಡಿಕೊಂಡೇ ಇರಬೇಕಾಯಿತು. "ಹಿ ಕುಡ್ ಆರ್ಡರ್ ಎನಿಬಡಿ. ಬಟ್ ದೇರ್ ವಾಸ್ ನೋ ಸ್ಪೇರ್ ಮೌಂಟನ್."

ಇನ್ನೊಂದು ಬೆಟ್ಟ ಇರಲಿಲ್ಲ. ಮೂವತ್ತಮೂರು ವರ್ಷ ಬಂಡೆಗಳ ಜೊತೆ ಬಾಳಿದ ನನಗೆ ಹೊಳೆಯದಿದ್ದ ಮಾತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ ಎಂಬುದೇ ಆ ಸಂಜೆ ನನ್ನ ಬಹುದೊಡ್ಡ ಸಾಧನೆ.

ಮೇಡಂ ಕನ್ನಡಕ ಏರಿಸಿಕೊಂಡು ಚೀಟಿಗಳನ್ನು ಒಂದೊಂದಾಗಿ ಓದಿದರು. ಕೊನೆಯ ಚೀಟಿಯ ಬಳಿ ಅವರ ಭುಜ ಕುಲುಕತೊಡಗಿತು. ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿದರು:

"ಎರಡನೆಯ ಪ್ರತಿಮೆ: ಮುರಿದದ್ದು ಭೂಕಂಪದಿಂದ, ಸುಮಾರು ಮೂರು ಸಾವಿರ ವರ್ಷಗಳ ಹಿಂದೆ. ನಾಲ್ಕನೆಯ ಪ್ರತಿಮೆ: ಮುರಿದದ್ದು ನನ್ನ ಮಾವನಿಂದ, ಮಂಗಳವಾರ."

ಸಭಾಂಗಣ ಹೋ ಎಂದು ನಕ್ಕಿತು. ಆ ನಗೆಯಲ್ಲಿ ಅನುಮಾನ ಉಳಿಯಲಿಲ್ಲ. ಸಹಾಯ ಮಾಡಿದವರ ಕೈ ಎಂಥದೆಂದು ಎಲ್ಲರ ಕಣ್ಣ ಮುಂದೆಯೇ ಬಿದ್ದಿತ್ತು. ಮೇಡಂ ಅನಿತಳ ಹೆಗಲ ಮೇಲೆ ಕೈಯಿಟ್ಟು, "ದಿಸ್ ಈಸ್ ಯುವರ್ಸ್" ಎಂದರು. ಮೂರ್ತಿಯವರು ಜೇಬಿನಿಂದ ಕೈ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಜೇಬಿಗೆ ಹಾಕಿದರು.

ಆಮೇಲೆ ಮೇಡಂ ನನ್ನ ಕಡೆ ಬಂದರು. "ನೀವೇನಾ ಆ ಮಾವ?"

ನಾನು ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತೆ. "ಹೌದಮ್ಮ, ನಾನೇ" ಎಂದೆ. ಭೂಕಂಪದ ಸರಿಸಮಕ್ಕೆ ಲೆಕ್ಕಕ್ಕೆ ಬರುವ ಭಾಗ್ಯ ನಮ್ಮ ವಂಶದಲ್ಲಿ ಅದುವರೆಗೆ ಯಾರಿಗೂ ಒದಗಿರಲಿಲ್ಲ.